ಗಂಡ ಸಹಿ ಹಾಕಲ್ಲ ಅಂತಿದ್ದಾರೆ, ನನ್ನ ಎರಡು ವರ್ಷದ ಗ್ರೀನ್ ಕಾರ್ಡ್ ಕಥೆ ಏನು?

ಪ್ರಶ್ನೆ: ಅಕ್ಕ, ಹೆಸರು ಹಾಕಬೇಡಿ ಅಂತ ಅಡ್ಮಿನ್‌ಗೆ ಕೇಳಿಕೊಂಡಿದ್ದೇನೆ. ಮೈಸೂರಿನಲ್ಲಿ ಮದುವೆಯಾಗಿ ಟೆಕ್ಸಾಸ್‌ನ ಡಾಲಸ್‌ಗೆ ಬಂದೆ. ಗಂಡ ಅಮೆರಿಕದ ಸಿಟಿಜನ್. ನನ್ನ ಕಾರ್ಡ್ ಮುಗಿಯಲು ಐದು ತಿಂಗಳಿದೆ. ಮೂರು ತಿಂಗಳಿಂದ ಗೆಳತಿಯ ಮನೆಯಲ್ಲಿದ್ದೇನೆ. "ಸಹಿ ಹಾಕಲ್ಲ, ಕಾರ್ಡ್ ಕ್ಯಾನ್ಸಲ್ ಮಾಡಿಸ್ತೀನಿ" ಅಂತ ದಿನಾ ಮೆಸೇಜ್ ಬರುತ್ತದೆ. ಅಮ್ಮ ಸುಮ್ನೆ ವಾಪಸ್ ಬಂದುಬಿಡು ಅಂತಾರೆ. ದಾರಿ ಇದೆಯಾ?

ಉತ್ತರ (ಇಮಿಗ್ರೇಷನ್ ವಕೀಲೆ): ಕೇಳಿಮ್ಮ, ದಾರಿ ಇದೆ. ಕಾರ್ಡ್ ಕ್ಯಾನ್ಸಲ್ ಮಾಡುವ ಅಧಿಕಾರ ನಿಮ್ಮ ಗಂಡನಿಗೆ ಇಲ್ಲ. ಈ ಮಾತನ್ನು ಎರಡು ಸಲ ಓದಿ. ನೀವೊಬ್ಬರೇ ಹಾಕುವ ಅರ್ಜಿ ತಿರಸ್ಕಾರವಾದರೂ ಇಮಿಗ್ರೇಷನ್ ಜಡ್ಜ್ ಮುಂದೆ ಮತ್ತೆ ವಾದ ಮಾಡಬಹುದು.

ಮದುವೆಗೆ ಎರಡು ವರ್ಷ ತುಂಬುವ ಮೊದಲೇ ಗ್ರೀನ್ ಕಾರ್ಡ್ ಸಿಕ್ಕರೆ ಅದು ಎರಡೇ ವರ್ಷದ್ದು, ಷರತ್ತಿನ ಮೇಲೆ ಕೊಟ್ಟದ್ದು. ಕಾರ್ಡ್‌ಗೋಸ್ಕರ ಮಾಡಿಕೊಳ್ಳುವ ಕಾಗದದ ಮದುವೆಗಳನ್ನು ತಡೆಯಲು 1986ರಲ್ಲಿ ತಂದ ಕಾನೂನು. ಷರತ್ತು ತೆಗೆಸುವ ಫಾರಂ ಐ-751. ಇಬ್ಬರೂ ಸಹಿ ಹಾಕಿ, ಕಾರ್ಡ್ ಮುಗಿಯುವ ಹಿಂದಿನ 90 ದಿನಗಳಲ್ಲಿ ಕಳಿಸುವುದು ವಾಡಿಕೆ. ಆದರೆ ಅದೇ ಫಾರಂನಲ್ಲಿ ಒಬ್ಬರೇ ಹಾಕುವುದಕ್ಕೂ ಜಾಗವಿದೆ, ಅದಕ್ಕೆ ವೇವರ್ ಅಂತಾರೆ. ಡೈವೋರ್ಸ್ ಆಗಿದ್ದರೆ ಹಾಕಬಹುದು. ಗಂಡ ಹೊಡೆದಿದ್ದರೆ, ವಿಪರೀತ ಹಿಂಸೆ ಕೊಟ್ಟಿದ್ದರೆ ಡೈವೋರ್ಸ್ ಆಗದೆಯೂ ಹಾಕಬಹುದು. ವೇವರ್‌ಗೆ 90 ದಿನದ ಲೆಕ್ಕವೂ ಇಲ್ಲ.

ಟೆಕ್ಸಾಸ್‌ನಲ್ಲಿ ಆರು ತಿಂಗಳು, ನಿಮ್ಮ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) 90 ದಿನ ವಾಸವಿದ್ದರೆ ಅಲ್ಲೇ ಡೈವೋರ್ಸ್ ಕೇಸ್ ಹಾಕಬಹುದು, ಮದುವೆ ಮೈಸೂರಿನಲ್ಲಿ ಆಗಿದ್ದರೂ ಅಡ್ಡಿಯಿಲ್ಲ. ಹಾಕಿದ ಮೇಲೆ ಸಾಮಾನ್ಯವಾಗಿ 60 ದಿನವಾದರೂ ಕಾಯಬೇಕು, ಗಂಡ ಜಗಳಕ್ಕೆ ನಿಂತರೆ ಇನ್ನೂ ಜಾಸ್ತಿ. ಅದಕ್ಕೇ ಈ ವಾರವೇ ಫ್ಯಾಮಿಲಿ ವಕೀಲರನ್ನು ನೋಡಿ.

ಇನ್ನು ಮುಖ್ಯವಾದದ್ದು. ಮದುವೆ ಮುರಿದದ್ದು ಯಾಕೆ ಅನ್ನುವುದಕ್ಕಿಂತ, ಆದಾಗ ಅದು ನಿಜವಾದ ಮದುವೆಯಾಗಿತ್ತಾ ಅಂತ ಇಮಿಗ್ರೇಷನ್ ಇಲಾಖೆಯವರು ನೋಡುತ್ತಾರೆ. ಇಬ್ಬರ ಹೆಸರಿನ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಟ್ಯಾಕ್ಸ್ ರಿಟರ್ನ್, ಇನ್ಶೂರೆನ್ಸ್, ಮದುವೆ ಫೋಟೋ ಎಲ್ಲ ಬೇಕು. ಎಲ್ಲವೂ ಗಂಡನ ಹೆಸರಲ್ಲೇ ಇದೆ ಅಂತ ಅಳುತ್ತಾ ಬರುವ ಹುಡುಗಿಯರು ಎಷ್ಟೋ ಜನ. ಒಬ್ಬರು ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಸಾಮಾನಿನ ಚೀಟಿ ತಂದಿದ್ದರು, ತೊಗರಿಬೇಳೆ ಎರಡು ಪ್ಯಾಕೆಟ್, ಕೊತ್ತಂಬರಿ, ಕೆಳಗೆ ಗಂಡನ ಕೈಬರಹದಲ್ಲಿ "ನಿನ್ನ ತಲೆನೋವಿನ ಮಾತ್ರೆ ಮರೀಬೇಡ" ಅಂತ. ಅದನ್ನೂ ಜೋಡಿಸಿದೆವು. ಒಟ್ಟಿಗೆ ಬಾಳಿದ ಯಾವ ಗುರುತನ್ನೂ ಎಸೆಯಬೇಡಿ.

ಪ್ರಶ್ನೆ: ಅವರು ಹೊಡೆದಿಲ್ಲ ಅಕ್ಕ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದಾರೆ. ಫೋನ್ ಚೆಕ್ ಮಾಡುತ್ತಿದ್ದರು, ಒಬ್ಬಳೇ ಹೊರಗೆ ಹೋಗೋ ಹಾಗಿರಲಿಲ್ಲ.

ಉತ್ತರ: ಹೊಡೆದರೆ ಮಾತ್ರ ಹಿಂಸೆ ಅಲ್ಲಮ್ಮ. ಇವೆಲ್ಲ ಹಿಂಸೆಯ ಲೆಕ್ಕಕ್ಕೆ ಬರಬಹುದು. ಆ ಮೆಸೇಜ್‌ಗಳನ್ನು ಡಿಲೀಟ್ ಮಾಡಬೇಡಿ, ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಅವರಿಗೆ ಪಾಸ್‌ವರ್ಡ್ ಗೊತ್ತಿಲ್ಲದ ಇಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಗೆಳತಿ ತಾನು ಕಂಡದ್ದನ್ನು ಬರೆದುಕೊಡಲಿ. ಹಿಂಸೆಯ ವೇವರ್ ಹಾಕಿದರೆ ಆ ವಿಷಯವನ್ನು ಇಲಾಖೆ ಗಂಡನಿಗೆ ಹೇಳುವ ಹಾಗಿಲ್ಲ, ಅದಕ್ಕೆ ಕಾನೂನಿನ ರಕ್ಷಣೆ ಇದೆ. ಫಾರಂಗೆ ಕಾರ್ಡ್‌ನ ಎರಡೂ ಬದಿಯ ಕಾಪಿ ಸಾಕು, ಪಾಸ್‌ಪೋರ್ಟ್ ಇಲ್ಲ ಅಂತ ಕಾಯುತ್ತಾ ಕೂರಬೇಡಿ. ಭಯವಾದರೆ ಕೌಟುಂಬಿಕ ಹಿಂಸೆಯ ಸಹಾಯವಾಣಿ 1-800-799-7233ಗೆ ಫೋನ್ ಮಾಡಿ, ದಿನದ 24 ಗಂಟೆಯೂ ಸಿಗುತ್ತಾರೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾವಿಬ್ಬರೂ ಒಟ್ಟಿಗೇ ಇದ್ದೇವೆ. ಬೇಗ ಮುಗಿಯಲಿ ಅಂತ ನಾಲ್ಕು ತಿಂಗಳು ಮೊದಲೇ ಹಾಕಬಹುದಾ?

ಉತ್ತರ: ಬೇಡ ಸರ್, ವಾಪಸ್ ಬರುತ್ತದೆ. 90 ದಿನದೊಳಗೇ ಹಾಕಿ. ಮದುವೆ ಸರ್ಟಿಫಿಕೇಟ್ ಕನ್ನಡದಲ್ಲಿದ್ದರೆ ಪೂರ್ತಿ ಇಂಗ್ಲಿಷ್ ಅನುವಾದ ಲಗತ್ತಿಸಿ. ಅನುವಾದ ಮಾಡಿದವರು ತಮಗೆ ಎರಡೂ ಭಾಷೆ ಬರುತ್ತದೆ ಅಂತ ಸಹಿ ಹಾಕಿರಬೇಕು.

ಮೊದಲು ಕೇಳಿದ ತಂಗಿಗೆ ಇನ್ನೊಂದು ಮಾತು. ಅಮ್ಮನ ಸಂಕಟ ಅರ್ಥವಾಗುತ್ತದೆ, ಆದರೆ ಅರ್ಜಿ ಹಾಕದೆ ಗಾಬರಿಯಲ್ಲಿ ವಿಮಾನ ಹತ್ತಬೇಡಿ. ಮತ್ತೆ, ಇಲಾಖೆಯ ಪತ್ರಗಳು ಹಳೇ ಮನೆಗೇ ಹೋಗುತ್ತವೆ, ಅಲ್ವಾ? ಮನೆ ಬದಲಾದ 10 ದಿನದೊಳಗೆ ವಿಳಾಸ ತಿಳಿಸಬೇಕಿತ್ತು. ಇವತ್ತು ರಾತ್ರಿಯೇ ಆನ್‌ಲೈನ್‌ನಲ್ಲಿ ಅದನ್ನು ಬದಲಾಯಿಸಿ, ಆಮೇಲೆ ನನಗೆ ಮೆಸೇಜ್ ಹಾಕಿ.