ಸರ್ವೈವ್, ಎಂಡ್ಯೂರ್, ಟಾಲರೇಟ್: ಹೋಂಸ್ಟೇ ಬೋರ್ಡ್ ಎಡವಟ್ಟಾಗಿದೆ, ಸರಿಮಾಡಿಕೊಡಿ

ಹಂಚಿನಮನೆ:
ನಮಸ್ಕಾರ. ಸಾಗರದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಬಂದವರು ಓದಲಿ ಅಂತ ಮನೆಯ ಕತೆಯನ್ನು ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಜಗುಲಿಯಲ್ಲಿ ತೂಗುಹಾಕಿದ್ದೆ. ಮೊನ್ನೆ ಬಂದವರೊಬ್ಬರು ಅದನ್ನು ಓದಿ, "ನೀವು ಊಟಕ್ಕೂ ಅಡಿಕೆಯನ್ನೇ ತಿಂತೀರಾ?" ಅಂತ ಕೇಳಿದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ಅವರು ಹೋದ ಮೇಲೆ ಬೋರ್ಡ್ ಇಳಿಸಿಟ್ಟೆ.

ಅನುಮಾನದ ಸಾಲುಗಳು ಇವು:

‘ಅವರ್ ಫ್ಯಾಮಿಲಿ ಸರ್ವೈವ್ಸ್ ಆನ್ ಅರೆಕಾನಟ್.’
‘ಗ್ರ್ಯಾಂಡ್‌ಫಾದರ್ ಸರ್ವೈವ್ಡ್ ಫ್ರಮ್ ಮಂಕಿ ಫೀವರ್.’
‘ದಿಸ್ ಹೌಸ್ ಟಾಲರೇಟ್ಸ್ ಹೆವಿ ರೈನ್.’
‘ಗ್ರ್ಯಾಂಡ್‌ಮದರ್ ಎಂಡ್ಯೂರ್ಡ್ ಟ್ವೆಲ್ವ್ ಇಯರ್ಸ್ ಆಫ್ಟರ್ ಹಿಮ್.’

ನಿಘಂಟು ನೋಡಿದೆ. ಎಲ್ಲದಕ್ಕೂ ತಾಳು, ಸಹಿಸು, ಬದುಕುಳಿ ಅಂತಲೇ ಇದೆ. ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿದರೆ ನಾನಂದುಕೊಂಡ ಅರ್ಥವೇ ಬರುತ್ತದೆ. ಹಾಗಾದರೆ ತಪ್ಪು ಎಲ್ಲಿ?

ತುಂಗಾದಂಡೆ:
ಫೋನಿಗೆ ನಿಮ್ಮ ಮನಸ್ಸು ಗೊತ್ತಾಗುತ್ತದೆ, ಪ್ರವಾಸಿಗರಿಗೆ ಗೊತ್ತಾಗಲ್ಲ, ಅಷ್ಟೇ!

ಅಡಿಕೆಯ ಸಾಲಿನಿಂದ ಶುರು ಮಾಡೋಣ. ‘ಸರ್ವೈವ್ ಆನ್’ ಅಂದರೆ ಅಷ್ಟರಲ್ಲೇ ಹೇಗೋ ಜೀವ ಹಿಡಿದುಕೊಂಡಿರುವುದು. ಮುಂದೆ ತಿನ್ನುವ ವಸ್ತು ಬಂದರೆ ಅದನ್ನೇ ತಿಂದು ಬದುಕಿದ್ದಾರೆ ಅಂತಲೇ ಅರ್ಥ. ನಿಮ್ಮ ಅತಿಥಿ ಕೇಳಿದ್ದರಲ್ಲಿ ತಪ್ಪಿಲ್ಲ. ‘ಮೇಕ್ಸ್ ಇಟ್ಸ್ ಲಿವಿಂಗ್ ಫ್ರಮ್ ಅರೆಕಾನಟ್’ ಅಂತ ಹಾಕಿ.

ಎರಡನೆಯದರಲ್ಲಿ ‘ಫ್ರಮ್’ ತೆಗೆಯಿರಿ. ನಮಗೆ ‘ಕಾಯಿಲೆಯಿಂದ ಪಾರಾದರು’ ಅಂತ ಹೇಳಿ ರೂಢಿ. ಆ ‘ಇಂದ’ವೇ ಅಲ್ಲಿ ‘ಫ್ರಮ್’ ಆಗಿ ನುಗ್ಗಿದೆ. ಲ್ಯಾಟಿನ್‌ನಲ್ಲಿ ‘ಸೂಪರ್’ ಅಂದರೆ ಮೇಲೆ, ಆಚೆ. ‘ವೀವೆರೆ’ ಅಂದರೆ ಬದುಕು. ಎರಡೂ ಸೇರಿ ‘ಸರ್ವೈವ್’. ದಾಟಿ ಬದುಕು ಅನ್ನೋದು ಪದದ ಹೊಟ್ಟೆಯಲ್ಲೇ ಇದೆ. ಹಾಗಾಗಿ ‘ಸರ್ವೈವ್ಡ್ ಮಂಕಿ ಫೀವರ್’, ‘ಸರ್ವೈವ್ಡ್ ದ ಆಕ್ಸಿಡೆಂಟ್’ ಅಂದರೆ ಸಾಕು. (ಆ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಅಂತ ಒಂದು ಸಾಲು ಸೇರಿಸಿ, ಹೊರಗಿನವರಿಗೆ ಗೊತ್ತಿರಲ್ಲ.)

ಮನೆ ಮಳೆಯನ್ನು ‘ಟಾಲರೇಟ್’ ಮಾಡಲ್ಲ. ಇಷ್ಟವಿಲ್ಲದಿದ್ದರೂ ಸುಮ್ಮನಿರಬೇಕಾದರೆ ಮನಸ್ಸು ಬೇಕು. ಗೋಡೆಗೆಲ್ಲಿದೆ? ಅಲ್ಲಿ ‘ವಿತ್‌ಸ್ಟ್ಯಾಂಡ್ಸ್’ ಬರಬೇಕು. ಇದರ ‘ವಿತ್’ಗೆ ‘ಜೊತೆ’ ಅನ್ನೋ ಅರ್ಥವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ‘ಎದುರಾಗಿ’. ಎದುರು ನಿಲ್ಲುವುದು. ನಮ್ಮ ಕಡೆ ಮಳೆಗೆ ಸರಿಯಾದ ಪದ.

ಕೊನೆಗೌಡ:
ತುಂಗಾದಂಡೆಯವರೇ, ‘ಟಾಲರೇಟ್’ಗೆ ಮನಸ್ಸು ಬೇಕು ಅಂದಿದ್ದು ಪೂರ್ತಿ ಸರಿಯಲ್ಲ ಮಾರಾಯ್ರೆ. ಗಿಡಗಳಿಗೆ ಧಾರಾಳವಾಗಿ ಬಳಸುತ್ತಾರೆ. ಏಲಕ್ಕಿ ‘ಟಾಲರೇಟ್ಸ್ ಶೇಡ್’. ಅಡಿಕೆ ಬುಡದಲ್ಲಿ ನೀರು ನಿಂತರೆ ‘ಡಸ್ ನಾಟ್ ಟಾಲರೇಟ್’. ತೋಟದ ಪುಸ್ತಕಗಳಲ್ಲಿ ನೋಡಿ. ಮನೆಗೆ ಬೇಡ ಅನ್ನೋದು ಮಾತ್ರ ಒಪ್ಪಿದೆ.

ತುಂಗಾದಂಡೆ:
ಹೌದು, ಗಿಡ ಮರೆತಿದ್ದೆ. ಒಪ್ಪಿಕೊಂಡೆ.

ಹಂಚಿನಮನೆ:
ಇಬ್ಬರಿಗೂ ಥ್ಯಾಂಕ್ಸ್. ಅಜ್ಜಿಯ ಸಾಲು ಉಳಿಯಿತಲ್ಲ? ಅಜ್ಜ ತೀರಿಕೊಂಡ ಮೇಲೆ ಅಜ್ಜಿ 12 ವರ್ಷ ಇದ್ದರು. ಒಂದು ಕಡೆ ‘ಗ್ರ್ಯಾಂಡ್‌ಮದರ್ ಸರ್ವೈವ್ಡ್ ಗ್ರ್ಯಾಂಡ್‌ಫಾದರ್’ ಅಂತ ಬರೆಯಬಹುದು ಅಂತ ಓದಿದೆ. ಅಜ್ಜನ ಕೈಯಿಂದ ಅಜ್ಜಿ ಪಾರಾದ ಹಾಗೆ ಕೇಳಿಸಲ್ವಾ?

ತುಂಗಾದಂಡೆ:
ಅಜ್ಜ ಹೇಗಿದ್ದರೋ ನಮಗೇನು ಗೊತ್ತು!

ತಮಾಷೆ ಬಿಡಿ, ಆ ಬಳಕೆ ಸರಿಯೇ ಇದೆ. ಇಂಗ್ಲಿಷ್ ಪೇಪರಿನ ನಿಧನ ವಾರ್ತೆಯಲ್ಲಿ ‘ಹಿ ಈಸ್ ಸರ್ವೈವ್ಡ್ ಬೈ ಹಿಸ್ ವೈಫ್ ಅಂಡ್ ಟೂ ಸನ್ಸ್’ ಅಂತ ಬರುತ್ತದಲ್ಲ? ನಮ್ಮ ಪೇಪರಿನ ‘ಪತ್ನಿ, ಇಬ್ಬರು ಪುತ್ರರನ್ನು ಅಗಲಿದ್ದಾರೆ’ ಇರುವ ಜಾಗ ಅದು. ನಾವು ಹೋದವರ ಕಡೆಯಿಂದ ಹೇಳುತ್ತೇವೆ, ಅವರು ಉಳಿದವರ ಕಡೆಯಿಂದ ಎಣಿಸುತ್ತಾರೆ. ನಿಮ್ಮ ಬೋರ್ಡಿಗೆ ‘ಔಟ್‌ಲಿವ್ಡ್ ಹಿಮ್ ಬೈ ಟ್ವೆಲ್ವ್ ಇಯರ್ಸ್’ ಚೆನ್ನ. ಯಾರೂ ಅಜ್ಜನ ಮೇಲೆ ಅನುಮಾನ ಪಡಲ್ಲ.

‘ಎಂಡ್ಯೂರ್ಡ್’ ಅಂದಿದ್ದರಿಂದ ಆ 12 ವರ್ಷವೂ ಅಜ್ಜಿ ಹಲ್ಲು ಕಚ್ಚಿಕೊಂಡು ಕಳೆದರು ಅಂತಾಯಿತು. ಇದರ ಬೇರು ‘ದೂರುಸ್’, ಲ್ಯಾಟಿನ್‌ನಲ್ಲಿ ಗಟ್ಟಿ ಅಂತ. ನೋವಿಗೆ ಗಟ್ಟಿಯಾಗುವುದು. ನಮ್ಮ ‘ತಾಳಿದವನು ಬಾಳಿಯಾನು’ ಗಾದೆಯಲ್ಲಿ ತಾಳುವುದು ಎಂಡ್ಯೂರ್, ಬಾಳುವುದು ಸರ್ವೈವ್. ಒಂದು ಪಟ್ಟ ಪಾಡು, ಇನ್ನೊಂದು ಅದರಿಂದ ಆಚೆ ಬಂದದ್ದು. ತಾಳಿಯೂ ಬಾಳದೆ ಹೋದವರಿದ್ದಾರೆ. ಅವರಿಗೆ ಮೊದಲನೆಯದನ್ನು ಮಾತ್ರ ಬರೆಯಬೇಕು.

ಕೊನೆಗೌಡ:
ಶರಾವತಿಯ ಹಳೆಯ ಮಡೆನೂರು ಡ್ಯಾಂ ತಗೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆದ ಮೇಲೆ ಅದರ ಹಿನ್ನೀರಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಈಗಲೂ ಎದ್ದು ಕಾಣುತ್ತದೆ. ಡ್ಯಾಂಗೆ ‘ಸರ್ವೈವ್ಡ್’, ‘ವಿತ್‌ಸ್ಟುಡ್’ ಎರಡೂ ಸರಿ. ಬರೀ ಬಾಳಿಕೆ ಬಂತು ಅನ್ನಬೇಕಾದರೆ ‘ಲಾಸ್ಟೆಡ್’. ಮನೆ ಮಠ ಬಿಟ್ಟು ಎದ್ದುಹೋದರಲ್ಲ ಜನ, ‘ಎಂಡ್ಯೂರ್’ ಅವರಿಗೆ ಇಡಿ.

ಹಂಚಿನಮನೆ:
ನಮ್ಮ ಅಜ್ಜಿಯ ತವರೂ ಆ ನೀರಲ್ಲೇ ಹೋಗಿದ್ದು. ಹಾಗಾಗಿ ‘ಎಂಡ್ಯೂರ್ಡ್’ ತೆಗೆಯಲಿಲ್ಲ, ತವರಿನ ಸಾಲಿಗೆ ದಾಟಿಸಿದೆ. ಉಳಿದದ್ದೆಲ್ಲ ನೀವು ಹೇಳಿದ ಹಾಗೇ ತಿದ್ದಿದೆ.

ಕೊನೆಗೆ ಒಂದೇ ಒಂದು. ಮಳೆಗಾಲಕ್ಕೆ ಅಂತ ಕೆಳಗೆ ‘ಪ್ಲೀಸ್ ಬೇರ್ ವಿತ್ ದ ಲೀಚಸ್’ ಅಂತ ಬರೆದಿದ್ದೇನೆ. ಸರಿ ಇದೆಯಾ?

ತುಂಗಾದಂಡೆ:
‘ಬೇರ್ ವಿತ್’ ಅಂದರೆ ಸ್ವಲ್ಪ ತಾಳ್ಮೆಯಿಂದಿರಿ, ನಮ್ಮ ಕೆಲಸ ಮುಗಿಸಲು ಬಿಡಿ ಅಂತ. ‘ಪ್ಲೀಸ್ ಬೇರ್ ವಿತ್ ಅಸ್’ ಅನ್ನೋದು ಅದಕ್ಕೇ. ನೀವು ಬರೆದದ್ದು ‘ಉಂಬಳ ರಕ್ತ ಕುಡಿದು ಮುಗಿಸುವ ತನಕ ದಯವಿಟ್ಟು ಕಾಯಿರಿ’ ಅಂದ ಹಾಗಾಯಿತು. ‘ಪುಟ್ ಅಪ್ ವಿತ್’ ಹಾಕಿ.

ಹಂಚಿನಮನೆ:
ಇದೊಂದನ್ನು ತಿದ್ದಲ್ಲ. ಬೋರ್ಡ್ ಮತ್ತೆ ಜಗುಲಿಗೆ ಹೋಯಿತು.