ತರಗತಿಯ ಗೋಡೆಯಲ್ಲಿ ದಶಾಜ್ಞೆ: ಮಗಳಿಗೆ ಏನು ಹೇಳಲಿ?

ಕೇಳಿದವರು:
ಟೆಕ್ಸಾಸ್‌ನಲ್ಲಿದ್ದೇವೆ. ಮಗಳು ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಈ ವರ್ಷ ತರಗತಿಯಲ್ಲಿ ದಶಾಜ್ಞೆಗಳ, ಅಂದರೆ ಬೈಬಲ್ಲಿನ ಹತ್ತು ಆಜ್ಞೆಗಳ, ಪೋಸ್ಟರ್ ಹಾಕಿದ್ದಾರೆ. ಬೇರೆ ದೇವರು ಇರಬಾರದು, ವಿಗ್ರಹ ಮಾಡಬಾರದು ಅಂತ ಓದಿಕೊಂಡು ಬಂದು, "ಅಮ್ಮಾ, ನಮ್ಮನೆ ಗಣಪತಿ ತಪ್ಪಾ?" ಅಂದಳು. ಶಾಲೆಯಲ್ಲಿ ಕೇಳೋಣ ಅಂದರೆ ಅವಳಿಗೆ ತೊಂದರೆ ಆಗುತ್ತೇನೋ ಎಂಬ ಭಯ. ಅನುಭವ ಇದ್ದವರು ಹೇಳಿ.

ಡಲ್ಲಾಸ್‌ನಿಂದ:
ನಮ್ಮನೆಯಲ್ಲೂ ಇದೇ ಆಯ್ತು. ಮೊದಲು ಮಗನ ಹತ್ತಿರ ಕೂತು ಮಾತಾಡಿದೆವು. ಅದು ಯೆಹೂದ್ಯರು, ಕ್ರೈಸ್ತರು ನಂಬುವ ಮಾತು, ಟೀಚರ್ ನಿನಗೆ ಹಾಕಿದ ನಿಯಮ ಅಲ್ಲ ಎಂದೆವು. ಅಷ್ಟಕ್ಕೇ ಅವನಿಗೆ ಸಮಾಧಾನವಾಯಿತು. ಟೀಚರ್ ಮೇಲೆ ಸಿಟ್ಟಾಗಬೇಡಿ, ಪಾಪ, ಅವರ ಕೈಯಲ್ಲಿ ಏನೂ ಇಲ್ಲ. ಇದು 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ರಾಜ್ಯದ ಕಾನೂನು. ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರದ ಪೋಸ್ಟರ್, ಎದ್ದು ಕಾಣುವ ಜಾಗದಲ್ಲಿ. ಯಾರಾದರೂ ದಾನ ಕೊಟ್ಟರೆ ಶಾಲೆ ತಗೊಳ್ಳಲೇಬೇಕು. ಶಾಲೆಯಲ್ಲಿ ದಿನಾ ಧ್ವಜದ ಮುಂದೆ ಹೇಳಿಸುವ ಪ್ರತಿಜ್ಞೆಯಿಂದ ಮಗುವನ್ನು ಬಿಡಿಸಲು ಒಂದು ಪತ್ರ ಸಾಕು. ಗೋಡೆಯ ಮೇಲಿನ ಪೋಸ್ಟರಿನಿಂದ ಬಿಡಿಸಲು ಆ ದಾರಿ ಇಲ್ಲ.

ನಾವು ಶಾಲಾ ಮಂಡಳಿಗೆ ಬರೆದೆವು. ಅರ್ಧ ಪುಟ. ಮಗು ಕೇಳಿದ ಪ್ರಶ್ನೆಯನ್ನು ಹಾಗೇ ಬರೆದೆವು. 1980ರಲ್ಲಿ ಕೆಂಟಕಿ ರಾಜ್ಯದ ಇಂಥದ್ದೇ ಕಾನೂನನ್ನು ಇಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು ಎಂದೂ ಸೇರಿಸಿದೆವು. ಅಲ್ಲೂ ಪೋಸ್ಟರಿನ ದುಡ್ಡು ಖಾಸಗಿ ದಾನದ್ದೇ. ಪತ್ರದ ಪ್ರತಿ ಇಟ್ಟುಕೊಳ್ಳಿ. ಮಗನಿಗೆ ಯಾರೂ ಏನೂ ಅನ್ನಲಿಲ್ಲ.

ಸ್ಯಾನ್ ಆಂಟೋನಿಯೊದಿಂದ:
2025ರ ಆಗಸ್ಟ್‌ನಲ್ಲಿ ಇಲ್ಲಿನ ಫೆಡರಲ್ (ಕೇಂದ್ರದ) ಕೋರ್ಟಿನ ಜಡ್ಜ್ ಈ ಕಾನೂನಿಗೆ ತಡೆ ಕೊಟ್ಟರು. ಕೇಸು ಹಾಕಿದವರಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಆದರೆ ಆ ಆದೇಶ ಕೇಸಿನಲ್ಲಿದ್ದ ಶಾಲಾ ಜಿಲ್ಲೆಗಳಿಗೆ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಗಳಿಗೆ) ಮಾತ್ರ ಇತ್ತು. ನಿಮ್ಮ ಶಾಲಾ ಜಿಲ್ಲೆಯಲ್ಲಿ ಈಗಿನ ಸ್ಥಿತಿ ಏನು ಎಂದು ಮೊದಲು ವಿಚಾರಿಸಿ.

ಹ್ಯೂಸ್ಟನ್‌ನಿಂದ:
ನಾನು ಮಂಗಳೂರಿನ ಕ್ಯಾಥೊಲಿಕ್. ದಶಾಜ್ಞೆ ನನಗೆ ಬಾಯಿಪಾಠ, ಅದರ ಮೇಲೆ ಪ್ರೀತಿಯೂ ಇದೆ. ಆದರೂ ಪೋಸ್ಟರ್ ಬೇಡ ಅಂತ ನಾನೂ ಸಹಿ ಹಾಕಿದ್ದೇನೆ. ವಿಗ್ರಹದ ಮಾತನ್ನು ನಾವು ಮೊದಲ ಆಜ್ಞೆಯಲ್ಲೇ ಸೇರಿಸಿಕೊಳ್ಳುತ್ತೇವೆ, ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರಿಗೆ ಅದು ಎರಡನೆಯದು. ಯೆಹೂದ್ಯರ ಎಣಿಕೆ ಇನ್ನೊಂದು ಥರ. ಯಾರ ಪಾಠ ಸರಿ ಎಂದು ಸರ್ಕಾರ ಯಾಕೆ ಹೇಳಬೇಕು? ಪಕ್ಕದ ಮನೆಯ ಕ್ರೈಸ್ತರನ್ನೂ ಕೇಳಿ ನೋಡಿ, ಜೊತೆಗೆ ಬರುವವರು ಇರುತ್ತಾರೆ.

ಶಿವಮೊಗ್ಗದಿಂದ:
ನಾನು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಮಗಳೇ, ಒಂದು ಮಾತು. "ನಿಮ್ಮ ದೇವರ ಪಟವನ್ನೂ ಪಕ್ಕದಲ್ಲಿ ಹಾಕೋಣ" ಅಂದರೆ ಒಪ್ಪಬೇಡ. ನನ್ನ ತರಗತಿಯಲ್ಲಿ ಸರಸ್ವತಿ ಪೂಜೆ ಮಾಡಿಸುತ್ತಿದ್ದೆ. ಆರತಿ ಹೊತ್ತಿಗೆ ಒಬ್ಬ ಹುಡುಗ ಪ್ರತಿ ವರ್ಷ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದ. ಯಾಕೆ ಎಂದು ನಾನು ಒಂದು ಸಲವೂ ಕೇಳಲಿಲ್ಲ. ಪೂರ್ತಿ ಸರ್ಕಾರದ ದುಡ್ಡಿನ ಶಾಲೆಯಲ್ಲಿ ಧರ್ಮದ ಬೋಧನೆ ಇರಬಾರದು ಎಂದು ನಮ್ಮ ಸಂವಿಧಾನದ 28ನೇ ವಿಧಿ ಹೇಳುತ್ತದೆ. ಪೂಜೆ ಬೋಧನೆ ಅಲ್ಲವಲ್ಲ ಎಂದು ಆಗ ಸುಮ್ನೆ ಇದ್ದೆ. ಈಗ ಆ ಬಾಗಿಲು ನೆನಪಾಗುತ್ತೆ.

ಕೇಳಿದವರು:
ಅಮ್ಮಾ, ನೀವು ಹೇಳಿದ್ದನ್ನು ಮನೆಯವರಿಗೂ ಓದಿ ಹೇಳಿದೆ. ಪತ್ರ ಬರೆದಾಯಿತು. ಮುಂದಿನ ಮಂಡಳಿ ಸಭೆಯಲ್ಲಿ ಮಾತಾಡಲು ಹೆಸರು ಕೊಟ್ಟಿದ್ದೇನೆ.