‘ಕ್ಲೌಡ್ ಸ್ಟ್ರೀಮಿಂಗೇ ಕನ್ಸೋಲ್ ಆಟಗಳ ಭವಿಷ್ಯವೇ?’ ಇದನ್ನು ಕನ್ನಡದಲ್ಲಿ ಕೇಳುವುದು ಹೇಗೆ?

ಗೆಳೆಯರೇ,

ವಿಡಿಯೊ ಗೇಮ್ ಬಗ್ಗೆ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಳಗಿನದೆಲ್ಲ ಹೇಗೋ ದಡ ಮುಟ್ಟಿತು. ತಲೆಬರಹದಲ್ಲೇ ಮೂರು ದಿನದಿಂದ ಸಿಕ್ಕಿಬಿದ್ದಿದ್ದೇನೆ. ಪದಕ್ಕೆ ಪದ ಇಟ್ಟರೆ ಮೇಲೆ ಬರೆದ ಹಾಗೆ ಆಗುತ್ತದೆ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೂ ಓದಿದರೆ ಯಾಕೋ ಕನ್ನಡ ಅನ್ನಿಸುವುದಿಲ್ಲ, ಅಲ್ವಾ?

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂಥ ಪೆಟ್ಟಿಗೆಯನ್ನು ಟಿವಿಗೆ ಸಿಕ್ಕಿಸಿ ಆಡುತ್ತಾರಲ್ಲ, ಆ ಪೆಟ್ಟಿಗೆಯೇ ಕನ್ಸೋಲ್. ಆಟ ಅದರೊಳಗೆ ಓಡುತ್ತದೆ. ಕ್ಲೌಡ್ ಪದ್ಧತಿಯಲ್ಲಿ ಆಟ ಓಡುವುದು ಎಲ್ಲೋ ದೂರದಲ್ಲಿರುವ ಕಂಪನಿಯ ಕಂಪ್ಯೂಟರಿನಲ್ಲಿ, ಅಂದರೆ ಸರ್ವರ್‌ನಲ್ಲಿ. ನಾವು ಒತ್ತಿದ ಗುಂಡಿಯ ಸುದ್ದಿ ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಬರಿಯ ಚಿತ್ರ ಮತ್ತು ಸದ್ದು ಇಂಟರ್ನೆಟ್ ಮೇಲೆ ನಮ್ಮ ತೆರೆಗೆ ಬರುತ್ತದೆ. ಮನೆಯಲ್ಲಿ ಪೆಟ್ಟಿಗೆಯೇ ಬೇಡ. ಹಾಗಾದರೆ ಮುಂದೆ ಪೆಟ್ಟಿಗೆಗಳ ಕಥೆ ಮುಗೀತಾ ಅನ್ನುವುದು ಲೇಖನದ ಪ್ರಶ್ನೆ.

ನನಗೆ ಮೊದಲು ಚುಚ್ಚಿದ್ದು ‘ಭವಿಷ್ಯ’. ‘ಆ ಹುಡುಗನಿಗೆ ಒಳ್ಳೆ ಭವಿಷ್ಯ ಇದೆ’ ಅನ್ನುತ್ತೇವೆ. ‘ವಾರ ಭವಿಷ್ಯ’ ಓದುತ್ತೇವೆ. ‘ಭವಿಷ್ಯ ಹೇಳಬೇಡ, ಸುಮ್ನೆ ಕೂತ್ಕೋ’ ಅಂತ ಬೈಯುತ್ತೇವೆ. ಇಲ್ಲೆಲ್ಲ ಭವಿಷ್ಯ ಒಬ್ಬರಿಗೆ ಇರುವಂಥದ್ದು ಅಥವಾ ಯಾರೋ ಹೇಳುವಂಥದ್ದು. ‘ಇದು ಅದರ ಭವಿಷ್ಯ’ ಅಂತ ಒಂದು ವಸ್ತುವಿನ ಕಡೆ ಬೆರಳು ತೋರಿಸುವ ರೂಢಿ ನನ್ನ ಕಿವಿಗೆ ಹೊಸದು. ಪತ್ರಿಕೆಗಳಲ್ಲಿ ‘ಯುವಕರೇ ದೇಶದ ಭವಿಷ್ಯ’ ಅಂತ ಬರುತ್ತದೆ, ಒಪ್ಪುತ್ತೇನೆ. ಅದು ಭಾಷಣದ ಕನ್ನಡ. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ.

ಸರಿ, ‘ಭವಿಷ್ಯ’ ತೆಗೆದು ಕ್ರಿಯಾಪದ ಹಾಕೋಣ ಅಂತ ಹೊರಟೆ. ಅಲ್ಲೇ ಪೇಚು. ಕ್ರಿಯಾಪದ ಬಂದ ಕೂಡಲೇ ಯಾರು, ಏನು ಮಾಡುತ್ತಾರೆ ಅಂತ ಹೇಳಲೇಬೇಕಾಗುತ್ತದೆ. ‘ಮುಂದೆ ಎಲ್ಲರೂ ಕ್ಲೌಡ್‌ನಲ್ಲೇ ಆಡುತ್ತಾರಾ?’ ಅನ್ನುವುದು ಒಂದು ಪ್ರಶ್ನೆ. ‘ಮುಂದೆ ಕನ್ಸೋಲ್ ಮಾರುವುದು ನಿಂತುಹೋಗುತ್ತದಾ?’ ಇನ್ನೊಂದು. ‘ಆಟ ಮಾಡುವವರು ಮುಂದೆ ಕ್ಲೌಡ್‌ಗೆ ಅಂತಲೇ ಆಟ ಮಾಡುತ್ತಾರಾ?’ ಮತ್ತೊಂದು. ಮೂರಕ್ಕೂ ಉತ್ತರ ಬೇರೆ ಬೇರೆ. ಮೂಲದಲ್ಲಿ ಮೂರೂ ಒಂದೇ ನಾಮಪದದ ಕಂಬಳಿ ಹೊದ್ದು ಮಲಗಿದ್ದವು. ‘ಮುಂದೆ ಇದೇ ಗತಿಯಾ?’ ಅಂತ ಬರೆದು ನೋಡಿದೆ. ಕನ್ನಡವೇನೋ ಹೌದು, ಆದರೆ ‘ಇದೇ ಗತಿ’ ಅಂದ ತಕ್ಷಣ ಕೆಟ್ಟದ್ದೇ ಆಯ್ತು ಅಂತ ತೀರ್ಪು ಕೊಟ್ಟ ಹಾಗೆ.

ಇನ್ನು ‘ಸ್ಟ್ರೀಮಿಂಗ್’. ಇದರ ಜೊತೆ ಜಾಸ್ತಿ ಹೊತ್ತು ಗುದ್ದಾಡಿದ್ದೇನೆ. ಈಗ ಹುಡುಗರು ‘ಅವನು ಗೇಮ್ ಸ್ಟ್ರೀಮ್ ಮಾಡ್ತಿದ್ದಾನೆ’ ಅಂದರೆ ಏನರ್ಥ? ತಾನು ಆಡುವುದನ್ನು ಯೂಟ್ಯೂಬ್‌ನಲ್ಲೋ ಟ್ವಿಚ್‌ನಲ್ಲೋ ನಾಲ್ಕು ಜನಕ್ಕೆ ನೇರವಾಗಿ ತೋರಿಸುತ್ತಿದ್ದಾನೆ ಅಂತ. ನನ್ನ ಲೇಖನದಲ್ಲಿ ಅದೇ ಮಾತಿಗೆ ಪೂರ್ತಿ ಬೇರೆ ಅರ್ಥ. ಸಾಲದ್ದಕ್ಕೆ ಮೂರನೆಯದೂ ಒಂದಿದೆ. ಮನೆಯಲ್ಲಿರುವ ಕನ್ಸೋಲ್‌ನಿಂದಲೇ ಕೈಯಲ್ಲಿ ಹಿಡಿಯುವ ಸಾಧನಕ್ಕೆ ಆಟ ಕಳಿಸಿಕೊಂಡು ಹಾಸಿಗೆ ಮೇಲೆ ಮಲಗಿ ಆಡುವುದು. 2023ರ ನವೆಂಬರ್‌ನಲ್ಲಿ ಸೋನಿ ಬಿಟ್ಟ ಪ್ಲೇಸ್ಟೇಷನ್ ಪೋರ್ಟಲ್ ಶುರುವಿನಲ್ಲಿ ಇಷ್ಟನ್ನೇ ಮಾಡುತ್ತಿತ್ತು. ಕ್ಲೌಡ್‌ನಿಂದ ಆಡುವುದು ಅದಕ್ಕೆ ಆಮೇಲೆ ಬಂತು. ಹೀಗೆ ಒಂದು ಪದಕ್ಕೆ ಮೂರು ಕೆಲಸ. ಕನ್ನಡದಲ್ಲಾದರೂ ಬಿಡಿಸಿ ಹೇಳಬಹುದಲ್ಲವೇ?

‘ಪ್ರಸಾರ’ ಅಂದರೆ ಮೊದಲನೆಯ ಅರ್ಥಕ್ಕೆ ಸರಿಹೋಗುತ್ತದೆ, ‘ಆಟದ ನೇರಪ್ರಸಾರ’ ಅಂತ. ಎರಡನೆಯದಕ್ಕೆ ಒಗ್ಗುವುದಿಲ್ಲ, ಯಾಕೆಂದರೆ ಪ್ರಸಾರದಲ್ಲಿ ನೋಡುವವನಿಗೆ ಮಾಡಲು ಏನೂ ಕೆಲಸವಿಲ್ಲ. ‘ಹರಿವು’ ಚೆನ್ನಾಗಿದೆ, ಆದರೆ ಹರಿಯುವುದು ಯಾವಾಗಲೂ ಒಂದೇ ಕಡೆಗೆ. ಇಲ್ಲಿ ಹೋಗುವುದೂ ಉಂಟು, ಬರುವುದೂ ಉಂಟು.

ಇದು ಬರೀ ಪದದ ಚಪಲ ಅಂದುಕೊಳ್ಳಬೇಡಿ. ಸಿನಿಮಾ ಸ್ಟ್ರೀಮಿಂಗ್ ಗೆದ್ದಿತು, ಆದ್ದರಿಂದ ಆಟದ ಸ್ಟ್ರೀಮಿಂಗೂ ಗೆಲ್ಲುತ್ತದೆ ಅನ್ನುವ ವಾದವೇ ಈ ಪದದ ಮೇಲೆ ನಿಂತಿದೆ. ಸಿನಿಮಾದಲ್ಲಿ ಮುಂದಿನ ಅರ್ಧ ನಿಮಿಷದ ಚಿತ್ರ ಏನು ಅಂತ ಸರ್ವರ್‌ಗೆ ಮೊದಲೇ ಗೊತ್ತು, ಮುಂಚಿತವಾಗಿ ಕಳಿಸಿ ಕೂಡಿಡಬಹುದು, ನಡುವೆ ಇಂಟರ್ನೆಟ್ ಒಂದು ಕ್ಷಣ ಕೈಕೊಟ್ಟರೂ ನಮಗೆ ತಿಳಿಯುವುದೇ ಇಲ್ಲ. ಆಟದಲ್ಲಿ ಮುಂದಿನ ಚಿತ್ರ ಏನು ಅಂತ ಗೊತ್ತಾಗುವುದು ನೀವು ಗುಂಡಿ ಒತ್ತಿದ ಮೇಲೆ. ಕೂಡಿಡುವುದು ಏನನ್ನು? ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಒಂದೊಂದು ಚಿತ್ರಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಇಂಟರ್ನೆಟ್ ಸಾಗಿಸುವ ಗಾಜಿನ ನಾರಿನೊಳಗೆ (ಫೈಬರ್) ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಸರ್ವರ್ 1,000 ಕಿಲೋಮೀಟರ್ ದೂರ ಇದ್ದರೆ ಹೋಗಿ ಬರುವುದಕ್ಕೇ 10 ಮಿಲಿಸೆಕೆಂಡ್ ಬೇಕು, ಅದೂ ದಾರಿ ನೇರವಾಗಿದ್ದರೆ. ಚಿತ್ರವನ್ನು ಕುಗ್ಗಿಸಿ ಕಳಿಸುವುದು, ಇಲ್ಲಿ ಬಿಡಿಸುವುದು, ಟಿವಿ ತನ್ನ ಪಾಡಿಗೆ ತೆಗೆದುಕೊಳ್ಳುವ ಹೊತ್ತು, ಎಲ್ಲ ಇದರ ಮೇಲೆ. ಎಷ್ಟು ದುಡ್ಡು ಸುರಿದರೂ ಬೆಳಕನ್ನು ಇನ್ನೂ ಜೋರಾಗಿ ಓಡಿಸುವುದಕ್ಕೆ ಆಗುವುದಿಲ್ಲ. ಸರ್ವರನ್ನೇ ಹತ್ತಿರ ತರಬೇಕು, ಬೇರೆ ದಾರಿಯಿಲ್ಲ.

ಹೀಗೆ ಹೋಗಿ ಬರಲು ಹಿಡಿಯುವ ಹೊತ್ತನ್ನು ಏನನ್ನಬೇಕು? ಮೂಲದಲ್ಲಿ ‘ಲೇಟೆನ್ಸಿ’ ಇದೆ. ನಿಘಂಟು ತೆರೆದರೆ ‘ಸುಪ್ತತೆ’ ಸಿಗುತ್ತದೆ! ಪದದ ಬೇರು ನೋಡಿದರೆ ತಪ್ಪಲ್ಲ, ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ‘ಅಡಗಿರು’ ಅಂತಲೇ ಅರ್ಥ. ಆದರೆ ‘ಈ ಆಟದಲ್ಲಿ ಸುಪ್ತತೆ ಹೆಚ್ಚು’ ಅಂತ ಬರೆದರೆ ಓದುವವನು ಆಟಕ್ಕೆ ನಿದ್ದೆ ಬಂದಿದೆ ಅಂದುಕೊಳ್ಳುತ್ತಾನೆ. ಆಡುವವರ ಬಾಯಲ್ಲಿರುವುದು ‘ಲ್ಯಾಗ್ ಆಗ್ತಿದೆ’, ‘ಪಿಂಗ್ ಜಾಸ್ತಿ ಇದೆ’. ಅವರ ಮಾತನ್ನು ಹಾಗೇ ಇಟ್ಟುಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ. ತೊಂದರೆ ಏನೆಂದರೆ ಲೇಖಕರು ಮೂರು ಬೇರೆ ಬೇರೆ ತೊಂದರೆಗಳನ್ನು ಬಿಡಿಸಿ ಹೇಳುತ್ತಾರೆ, ‘ಲ್ಯಾಗ್’ ಅಂದರೆ ಮೂರೂ ಒಂದೇ ಗುಡ್ಡೆಗೆ ಬೀಳುತ್ತವೆ.

ಇದನ್ನೇ ಯೋಚಿಸುತ್ತಾ ಕೂತಾಗ ‘ತಡ’ ಕಣ್ಣಿಗೆ ಬಿತ್ತು. ಪಕ್ಕದಲ್ಲೇ ‘ತಡೆ’. ಅದರ ಪಕ್ಕ ‘ತಡವರಿಸು’. ಒಂದೇ ಬೇರಿನವೋ ಅಲ್ಲವೋ ಅದು ಬೇರೆ ವಿಚಾರ, ಕೆಲಸಕ್ಕೆ ಮಾತ್ರ ಎಷ್ಟು ಚೆನ್ನಾಗಿ ಕೂರುತ್ತವೆ ನೋಡಿ. ಗುಂಡಿ ಒತ್ತಿದ್ದಕ್ಕೂ ತೆರೆಯ ಮೇಲಿನ ಆಳು ನೆಗೆದಿದ್ದಕ್ಕೂ ನಡುವಿನ ಹೊತ್ತು ‘ತಡ’. ಚಿತ್ರ ಪೂರ್ತಿ ನಿಂತು ಚಕ್ರ ತಿರುಗುತ್ತಾ ಕೂರುವುದು ‘ತಡೆ’. ಒಮ್ಮೆ ಬೇಗ ಬಂದು ಒಮ್ಮೆ ನಿಧಾನ ಬಂದು, ಆಟ ಮಾತು ತೊದಲುವವನ ಹಾಗೆ ಮಾಡುವುದು ‘ತಡವರಿಕೆ’. ಆಡುವವರಿಗೆ ಈ ಮೂರನೆಯದೇ ಹೆಚ್ಚು ಕಿರಿಕಿರಿ, ಯಾಕೆಂದರೆ ಒಂದೇ ಸಮನೆ ಇರುವ ತಡಕ್ಕೆ ಕೈ ಒಗ್ಗಿಕೊಳ್ಳುತ್ತದೆ, ತಡವರಿಕೆಗೆ ಒಗ್ಗುವುದು ಹೇಗೆ? ‘ತಡ’ಕ್ಕೂ ‘ತಡೆ’ಗೂ ಒಂದು ಅಕ್ಷರದ ವ್ಯತ್ಯಾಸ ಅಷ್ಟೇ, ಬೇಗ ಓದುವವರು ಎಡವಬಹುದು ಅನ್ನುವ ಅಳುಕೂ ಇದೆ. ನಿಮಗೇನನ್ನಿಸುತ್ತದೆ?

‘ಕ್ಲೌಡ್’ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ನೆಟ್‌ವರ್ಕಿನ ನಕ್ಷೆ ಬರೆಯುವವರು ‘ಇದರೊಳಗೆ ಏನಿದೆ ಅಂತ ಈಗ ಬೇಡ’ ಅನ್ನುವ ಕಡೆ ಮೋಡದ ಚಿತ್ರ ಬರೆಯುತ್ತಿದ್ದರು, ಹೆಸರಿಗೂ ಆ ಚಿತ್ರಕ್ಕೂ ನಂಟಿದೆ. ಕನ್ನಡದ ‘ಮೋಡ’ ಅಂದರೆ ಮಳೆ, ಇಲ್ಲಾ ಮಂಕು. ‘ಮೋಡದಾಟ’ ಅಂದರೆ ಕವಿತೆಯ ಹೆಸರಿನ ಹಾಗಿದೆ. ‘ಕ್ಲೌಡ್’ ಅಂತಲೇ ಇರಲಿ.

‘ಕನ್ಸೋಲ್’ ಕೂಡ ಹಾಗೇ ಇರಲಿ, ಆದರೆ ಒಂದು ತಮಾಷೆ. ಕ್ರಿಯಾಪದವಾಗಿ ನೋಡಿದರೆ ‘ಸಮಾಧಾನ ಮಾಡು’ ಅಂತ ಸಿಗುತ್ತದೆ. ನಾಮಪದದ ಕನ್ಸೋಲ್ ಫ್ರೆಂಚಿನಿಂದ ಬಂದದ್ದು, ಮೊದಲು ಅದು ಗೋಡೆಯಲ್ಲಿ ಹಲಗೆ ಹೊರುವ ಚಾಚುಗಟ್ಟು. ಆಮೇಲೆ ಆರ್ಗನ್ ವಾದ್ಯದ ಮಣೆಗಳಿರುವ ಭಾಗ, ಆಮೇಲೆ ರೇಡಿಯೊ ಇಡುವ ಮರದ ಪೆಟ್ಟಿಗೆ, ಆಮೇಲೆ ಗುಂಡಿಗಳ ಫಲಕ, ಕೊನೆಗೆ ಆಟದ ಪೆಟ್ಟಿಗೆ. ಇಷ್ಟು ಸಲ ಮನೆ ಬದಲಾಯಿಸಿದ ಪದ ಇನ್ನೊಂದು ಸಲ ಬದಲಾಯಿಸಿದರೆ ಆಶ್ಚರ್ಯವೇನಿಲ್ಲ. ಈಗಲೇ ಬದಲಾಯಿಸಿದೆ ಅಂತಲೂ ಹೇಳಬಹುದು. ಮೈಕ್ರೋಸಾಫ್ಟ್ 2020ರ ಸೆಪ್ಟೆಂಬರ್‌ನಲ್ಲಿ ಗೇಮ್ ಪಾಸ್ ಅನ್ನುವ ತನ್ನ ಆಟಗಳ ಯೋಜನೆಯ ಚಂದಾದಾರರಿಗೆ ಕ್ಲೌಡ್ ಆಟ ಕೊಟ್ಟಾಗ ಸರ್ವರ್‌ಗಳ ಒಳಗೆ ಇದ್ದದ್ದು ಅದರದೇ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ ಎಸ್‌ನ ಯಂತ್ರಾಂಶವೇ. 2021ರಲ್ಲಿ ಅದನ್ನು ತೆಗೆದು ಅದಕ್ಕಿಂತ ಹೊಸ ಕನ್ಸೋಲ್ ಸೀರೀಸ್ ಎಕ್ಸ್‌ನದು ಹಾಕಿದರು. ಅಂದರೆ ಕನ್ಸೋಲ್ ಸಾಯಲಿಲ್ಲ, ನಮ್ಮ ಟಿವಿ ಕೆಳಗಿಂದ ಎದ್ದು ಅವರ ಕಟ್ಟಡಕ್ಕೆ ಹೋಗಿ ಕೂತಿತು. ಅದನ್ನು ‘ಕನ್ಸೋಲ್ ಇಲ್ಲದ ಆಟ’ ಅಂತ ಅನುವಾದಿಸಿದರೆ ಸುಳ್ಳಾಗುತ್ತದೆ. ‘ಮನೆಯಲ್ಲಿ ಕನ್ಸೋಲ್ ಇಲ್ಲದೆ ಆಡುವ ಆಟ’ ಅನ್ನಬೇಕು. ಉದ್ದ ಆಯ್ತು, ಆದರೆ ನಿಜ.

ಇನ್ನೊಂದೇ ಒಂದು ಪದ, ‘ಕೊಳ್ಳು’. ಮೂಲದಲ್ಲಿ ಒಂದು ವಾಕ್ಯವಿದೆ, ಸ್ಟೇಡಿಯಾದಲ್ಲಿ ಜನ ಆಟಗಳನ್ನು ಕೊಂಡರು ಅಂತ. ಗೂಗಲ್‌ನ ಕ್ಲೌಡ್ ಆಟದ ಸೇವೆ ಸ್ಟೇಡಿಯಾ 2019ರ ನವೆಂಬರ್‌ನಲ್ಲಿ ಶುರುವಾಗಿ 2023ರ ಜನವರಿ 18ಕ್ಕೆ ಬಾಗಿಲು ಹಾಕಿತು. ಕಂಪನಿ ತನ್ನ ಅಂಗಡಿಯಲ್ಲಿ ಮಾರಿದ ಆಟ ಮತ್ತು ಸಾಧನಗಳ ದುಡ್ಡು ವಾಪಸ್ ಕೊಟ್ಟಿತು, ಅದು ಮೆಚ್ಚಬೇಕಾದದ್ದೇ. ಆದರೆ ಕನ್ನಡದಲ್ಲಿ ‘ಕೊಂಡೆ’ ಅಂದರೆ ಆ ವಸ್ತು ಇನ್ನು ನನ್ನದು, ಅಂಗಡಿ ಮುಚ್ಚಿದರೂ ನನ್ನದೇ. ಇಲ್ಲಿ ಅಂಗಡಿ ಮುಚ್ಚಿದಾಗ ಆಟವೂ ಹೋಯಿತು. ಅದಕ್ಕೂ ಮೊದಲು ಆನ್‌ಲೈವ್ ಅಂತ ಒಂದಿತ್ತು, 2010ರಲ್ಲಿ ಶುರುವಾಗಿ 2015ರಲ್ಲಿ ಮುಚ್ಚಿತು, ಅಲ್ಲೂ ಇದೇ ಕಥೆ. ಎನ್ವಿಡಿಯಾ ಕಂಪನಿಯ ಕ್ಲೌಡ್ ಆಟದ ಸೇವೆ ಜಿಫೋರ್ಸ್ ನೌ ಪದ್ಧತಿ ಬೇರೆ. ಅದು ಆಟ ಮಾರುವುದಿಲ್ಲ, ನೀವು ಬೇರೆ ಕಡೆ ಕೊಂಡ ಆಟವನ್ನು ತನ್ನ ಯಂತ್ರದಲ್ಲಿ ಓಡಿಸಿಕೊಡುತ್ತದೆ. ಆದರೂ 2020ರಲ್ಲಿ ಕೆಲವು ಪ್ರಕಾಶಕರು ‘ನಮ್ಮ ಆಟ ಅಲ್ಲಿ ಬೇಡ’ ಅಂತ ಹಿಂದೆ ತೆಗೆದುಕೊಂಡರು. ಇದಕ್ಕೆಲ್ಲ ‘ಕೊಳ್ಳು’ ಬಳಸಲು ನನಗೆ ಮನಸ್ಸಿಲ್ಲ. ‘ಆಡುವ ಹಕ್ಕು ಪಡೆದರು’ ಅಂದರೆ ವಕೀಲರ ಕನ್ನಡ. ‘ದುಡ್ಡು ಕಟ್ಟಿದರು’ ಅಂತ ಹಾಕಿದ್ದೇನೆ. ಕಟ್ಟಿದ್ದಂತೂ ನಿಜ.

ಮತ್ತೆ ತಲೆಬರಹಕ್ಕೆ ಬರುತ್ತೇನೆ. ಸದ್ಯಕ್ಕೆ ಬರೆದಿಟ್ಟುಕೊಂಡಿರುವುದು ಇದು: ‘ಕನ್ಸೋಲ್ ಆಟಗಳನ್ನು ಮುಂದೆ ಕ್ಲೌಡ್‌ನಿಂದಲೇ ಆಡುತ್ತೇವೆಯೇ?’ ಕನ್ನಡದ ಹಾಗಿದೆ ಅಂತ ಖುಷಿಯಾಯಿತು. ಆಮೇಲೆ ನೋಡಿದರೆ ಪ್ರಶ್ನೆಯೆಲ್ಲ ಆ ‘ಲೇ’ ಮೇಲೆ ಕೂತಿದೆ. ‘ಕ್ಲೌಡ್‌ನಿಂದಲೂ’ ಅಂತ ‘ಲೂ’ ಮಾಡಿದರೆ ಉತ್ತರ ಸುಲಭ, ಹೌದು, ಈಗಾಗಲೇ ಆಡುತ್ತಿದ್ದಾರೆ. ನಿಧಾನವಾಗಿ ಯೋಚಿಸಿ ಆಡುವ ಆಟಕ್ಕೆ, ಒಂದು ಆಟ ಹೇಗಿದೆ ಅಂತ ಹತ್ತು ನಿಮಿಷ ನೋಡುವುದಕ್ಕೆ, ದುಬಾರಿ ಪೆಟ್ಟಿಗೆ ಬೇಡ ಅನ್ನುವವರಿಗೆ ಅದು ಸಾಕು. ಕಣ್ಣು ಮಿಟುಕಿಸುವಷ್ಟರಲ್ಲಿ ಗುದ್ದು ತಪ್ಪಿಸಿಕೊಳ್ಳಬೇಕಾದ ಆಟ ಆಡುವವರು, ಸರ್ವರ್‌ನಿಂದ ದೂರ ಇರುವವರು ಪೆಟ್ಟಿಗೆ ಬಿಡುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ಹಾಗಾಗಿ ನನ್ನ ಓಟು ‘ಲೂ’ಗೆ. ಆದರೆ ಮೂಲ ಲೇಖಕರು ‘ಲೇ’ ಪಕ್ಷದವರು, ಅವರ ವಾದವೆಲ್ಲ ಪೆಟ್ಟಿಗೆ ಹೋಗುತ್ತದೆ ಅಂತಲೇ. ಅನುವಾದ ಮಾಡುವವನು ಒಂದು ಅಕ್ಷರ ತಿದ್ದಿ ಅವರ ಅಭಿಪ್ರಾಯವನ್ನೇ ಮಗುಚಿಬಿಟ್ಟರೆ ಅನ್ಯಾಯ. ‘ಲೇ’ ಇಟ್ಟುಕೊಳ್ಳುತ್ತೇನೆ, ಗೊಣಗುತ್ತಾ.

ನನಗೆ ಬೇಕಿರುವುದು ಇಷ್ಟು. ‘ತಡ, ತಡೆ, ತಡವರಿಕೆ’ ಮೂರನ್ನೂ ಒಟ್ಟಿಗೆ ಬಳಸಿದರೆ ಓದುವವರಿಗೆ ಗೊಂದಲ ಆಗುತ್ತದಾ? ಮತ್ತೆ, ದೂರದ ಯಂತ್ರದಲ್ಲಿ ಓಡುವ ಆಟವನ್ನು ಇಲ್ಲಿಂದ ಆಡುವುದಕ್ಕೆ ನಿಮ್ಮ ಕಡೆ ಯಾರಾದರೂ ಏನಾದರೂ ಹೇಳುವುದನ್ನು ಕೇಳಿದ್ದೀರಾ? ನಾನು ‘ದೂರದಾಟ’ ಅಂತ ಬರೆದೆ, ಮನೆಯಲ್ಲಿ ತೋರಿಸಿದಾಗ ಮಗಳು ‘ಯಾರ ಮೇಲಪ್ಪಾ ದೂರು?’ ಅಂದಳು. ಅದನ್ನು ಅಳಿಸಿದ್ದೇನೆ, ಆ ಜಾಗ ಇನ್ನೂ ಖಾಲಿ ಇದೆ.